ಗಾಯ ಮಾಯೋದಿಲ್ಲ ಯಾಕೆ? ಲೋಳೆ ಕೋಟೆಯಲ್ಲಿ ಕೂತ ಕ್ರಿಮಿಗಳು!

(ನಮ್ಮ ವರದಿಗಾರರಿಂದ)

ಅಮೃತಹಳ್ಳಿ ಮೇನ್ ರೋಡಿನ ಒಂದು ದಿನಸಿ ಅಂಗಡಿ. ಯಜಮಾನರು ಎರಡು ತಿಂಗಳಿಂದ ಎಡಗಾಲಿಗೆ ಬಟ್ಟೆ ಸುತ್ತಿಕೊಂಡೇ ವ್ಯಾಪಾರ ನಡೆಸುತ್ತಿದ್ದಾರೆ. ಸಕ್ಕರೆ ಕಾಯಿಲೆ, ಹೆಬ್ಬೆರಳ ಬುಡದಲ್ಲಿ ಹುಣ್ಣು. "ಮಾತ್ರೆ ತಗೊಂಡಾಗ ಒಣಗುತ್ತೆ ಸಾರ್, ಬಿಟ್ಟ ವಾರಕ್ಕೆ ಮತ್ತೆ ಕೀವು. ಮಾತ್ರೇನೇ ಡೂಪ್ಲಿಕೇಟ್ ಇರ್ಬೇಕು" ಅಂತಾರೆ.

ಮಾತ್ರೆ ಅಸಲಿಯೇ ಇರಬಹುದು ಸ್ವಾಮಿ. ಕ್ರಿಮಿ ಕೂತಿರುವ ಜಾಗ ಅಂಥದ್ದು.

ಮನೆ ಮೇಲಿನ ನೀರಿನ ಟ್ಯಾಂಕಿಗೆ ಕೈ ಹಾಕಿ ನೋಡಿ. ಒಳಗೋಡೆ ಜಾರುತ್ತೆ. ನೀರು ಸುರಿದರೆ ಹೋಗಲ್ಲ, ಬ್ರಷ್ ಹಾಕಿ ಉಜ್ಜಬೇಕು. ಆ ಲೋಳೆಗೇ ವಿಜ್ಞಾನಿಗಳು ಬಯೋಫಿಲ್ಮ್ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳು ಒಂದೆಡೆ ಅಂಟಿಕೊಂಡು, ತಾವೇ ಅಂಟು ಒಸರಿಸಿ, ಅದರೊಳಗೆ ಸಂಸಾರ ಹೂಡುತ್ತವೆ. ಹಲ್ಲಿನ ಪಾಚಿಯೂ ಅದೇ. ಹಳೇ ಹುಣ್ಣಿನಲ್ಲಿ, ಮೂತ್ರದ ಟ್ಯೂಬಿನಲ್ಲಿ ಕಟ್ಟುವುದೂ ಅದೇ. ಬಿಡಿಯಾಗಿ ಓಡಾಡುವ ಕ್ರಿಮಿಯನ್ನು ಕೊಲ್ಲುವ ಡೋಸು ಇಲ್ಲಿ ನಾಟದು. ಹತ್ತರಿಂದ ಸಾವಿರ ಪಟ್ಟು ಬೇಕಾಗಬಹುದು. ಅಷ್ಟು ಕೊಟ್ಟರೆ ಕ್ರಿಮಿಗಿಂತ ಮುಂಚೆ ರೋಗಿಯೇ ಮಲಗುತ್ತಾನೆ! ಲೋಳೆಯ ಆಳದಲ್ಲಿರುವ ಕ್ರಿಮಿಗಳಂತೂ ಆಹಾರ ಸಾಲದೆ ಅರೆನಿದ್ದೆಯಲ್ಲಿರುತ್ತವೆ. ಬೆಳೆಯುವ ಕ್ರಿಮಿಗೆಂದು ಮಾಡಿದ ಮದ್ದಿಗೆ ಮಲಗಿದ ಕ್ರಿಮಿ ಸಿಗುವುದಿಲ್ಲ.

ಇದನ್ನು ಮೊದಲು ಕಂಡವನು ಡಾಕ್ಟರಲ್ಲ, ಜವಳಿ ವ್ಯಾಪಾರಿ ಎಂದರೆ ನಮ್ಮ ಅಂಗಡಿ ಮಿತ್ರರು ಹಿಗ್ಗಬಹುದು. ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ 1680ರ ದಶಕದಲ್ಲಿ ತನ್ನ ಹಲ್ಲಿನ ಪಾಚಿ ಕೆರೆದು ಮಸೂರದಡಿ ನೋಡಿದ. ವಿನಿಗರ್‌ನಲ್ಲಿ ಹಲ್ಲು ತೊಳೆದರೆ ಪಾಚಿಯ ಹೊರಗಿನ ಜೀವಿಗಳು ಸತ್ತವು, ಒಳಗಿನವು ಜಪ್ಪಯ್ಯ ಅನ್ನಲಿಲ್ಲ. ಮುನ್ನೂರು ವರ್ಷ ದಾಟಿತು, ತಕರಾರು ಅದೇ!

ಕೊಬ್ಬಿನ ಗುಳ್ಳೆಯ ಸವಾರಿ

ಈಗಿನ ಉಪಾಯದ ಹೆಸರು ಲಿಪೋಸೋಮ್. ಮೊಟ್ಟೆಯ ಹಳದಿಯಲ್ಲಿ, ಸೋಯಾದಲ್ಲಿ ಇರುವ ಒಂದು ಬಗೆಯ ಕೊಬ್ಬನ್ನು ನೀರಿಗೆ ಬೆರೆಸಿದರೆ ಅದು ತಾನಾಗಿಯೇ ಗುಳ್ಳೆ ಕಟ್ಟುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಕಂಡುಕೊಂಡದ್ದು. ಕಡುಬಿನೊಳಗೆ ಹೂರಣ ಇಟ್ಟ ಹಾಗೆ ಈ ಗುಳ್ಳೆಯೊಳಗೆ ಔಷಧಿ ತುಂಬಬಹುದು. ಗಾತ್ರ ತಲೆಕೂದಲ ದಪ್ಪದ ಹೆಚ್ಚುಕಮ್ಮಿ ಸಾವಿರದಲ್ಲೊಂದು ಪಾಲು. ಲೋಳೆಯ ಸಂದಿಯಲ್ಲಿ ನುಸುಳಿ, ಕ್ರಿಮಿಯ ಮೈಗೆ ಅಂಟಿ, ಅಲ್ಲೇ ಗಂಟು ಬಿಚ್ಚಲಿ ಎಂಬುದು ಲೆಕ್ಕಾಚಾರ.

ಬರೀ ಲೆಕ್ಕಾಚಾರವೂ ಅಲ್ಲ. ಕ್ಷಯದ ಕ್ರಿಮಿಯ ದಾಯಾದಿಗಳು ಶ್ವಾಸಕೋಶ ಹಿಡಿದು, ಬೇರೆ ದಾರಿ ಹೆಚ್ಚಿಲ್ಲದ ರೋಗಿಗಳಿಗೆಂದು ಅಮಿಕಾಸಿನ್ ತುಂಬಿದ ಲಿಪೋಸೋಮನ್ನು ಉಸಿರಿನ ಮೂಲಕ ಕೊಡಲು 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಕಾಲಿನ ಹುಣ್ಣಿಗೆ ಮಾತ್ರ ಇದಿನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ.

ಹೆಸರು ಬೆಂಗಳೂರಿಗೆ ಹೊಸದೇನಲ್ಲ. 2021ರ ಮೇ ತಿಂಗಳು ನೆನಪಿದೆಯೇ? ಕೋವಿಡ್ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಡಾಕ್ಟರು ಬರೆದ ಚೀಟಿಯಲ್ಲಿ 'ಲಿಪೋಸೋಮಲ್ ಆಂಫೋಟೆರಿಸಿನ್'. ಅದು ಬ್ಯಾಕ್ಟೀರಿಯಾಕ್ಕಲ್ಲ, ಬೂಷ್ಟಿಗೆ ಹೊಡೆಯುವ ಮದ್ದು. ಆದರೆ ಗುಳ್ಳೆಯ ಉಪಾಯ ಇದೇ. ಬರಿಯ ಆಂಫೋಟೆರಿಸಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಗುಳ್ಳೆಯೊಳಗಿಟ್ಟರೆ ಪೆಟ್ಟು ಕಡಿಮೆ. ಸಿಗಬೇಕಲ್ಲ! ಮನೆಯವರು ಮೆಡಿಕಲ್ ಸ್ಟೋರಿಂದ ಮೆಡಿಕಲ್ ಸ್ಟೋರಿಗೆ ಅಲೆದರು. ಕೇಂದ್ರವು ರಾಜ್ಯಗಳಿಗೆ ಎಣಿಸಿ ಹಂಚಿತು. ಜೂನ್ 12ರಂದು ಜಿಎಸ್‌ಟಿ ಮಂಡಳಿ ಅದರ ಮೇಲಿನ ಶೇಕಡಾ 5 ತೆರಿಗೆಯನ್ನು ಸೊನ್ನೆ ಮಾಡಿತು. ಗುಳ್ಳೆಗಳೆಲ್ಲ ಒಂದೇ ಅಳತೆಯಲ್ಲಿ, ಔಷಧಿ ಸೋರದಂತೆ, ಕ್ರಿಮಿಶುದ್ಧವಾಗಿ ಬರಬೇಕು. ಮಾಮೂಲಿ ಮಾತ್ರೆ ಅಚ್ಚು ಹೊಡೆದ ಹಾಗಲ್ಲ. ದರ ಏರುವುದು ಅಲ್ಲೇ.

ಪಕ್ಕದ ಜಕ್ಕೂರಿನಲ್ಲಿ 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ದಿನಾ ಆ ಕಡೆ ಓಡಾಡುವವರಿಗೂ ಒಳಗೇನು ನಡೆಯುತ್ತದೆಂದು ಗೊತ್ತಿಲ್ಲ. ಪ್ರೊ. ಜಯಂತ ಹಲ್ದಾರ್ ತಂಡ ಇದೇ ಲೋಳೆಯ ಬೆನ್ನು ಹತ್ತಿದೆ. ಗುಳ್ಳೆಯ ಬದಲು, ಲೋಳೆಯನ್ನೇ ಒಡೆದು ಹಳೇ ಆಂಟಿಬಯೋಟಿಕ್‌ಗೆ ಮತ್ತೆ ಜೀವ ತುಂಬುವ ಸಣ್ಣ ಅಣುಗಳನ್ನು ರೂಪಿಸುವ ದಾರಿ ಅವರದು.

ಇಷ್ಟೂ ಕೇಳಿದ ದಿನಸಿ ಅಂಗಡಿ ಯಜಮಾನರ ಮೊದಲ ಪ್ರಶ್ನೆ: "ಗುಳ್ಳೆ ರೇಟ್ ಎಷ್ಟು ಸಾರ್?" ಎರಡನೆಯದು: "ಅಲ್ಲೀವರ್ಗೂ?" ಅಲ್ಲಿಯವರೆಗೆ ಡಾಕ್ಟರು ಹುಣ್ಣಿನ ಸತ್ತ ಭಾಗ, ಲೋಳೆ ಕೆರೆದು ತೆಗೆಯಬೇಕು, ಸಕ್ಕರೆ ಇಳಿಯಬೇಕು, ಆ ಕಾಲಿನ ಮೇಲೆ ಭಾರ ಬೀಳಬಾರದು. ಉಳಿದ ಮಾತ್ರೆ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದು ಚಿಕಿತ್ಸೆಯಲ್ಲ.

"ಕೆರೀತಾರಾ?" ಎಂದು ಮುಖ ಕಿವುಚಿ ಕಾಲು ಹಿಂದಕ್ಕೆಳೆದುಕೊಂಡರು. ಒಳಗಿಂದ ಮನೆಯವರ ದನಿ ಬಂತು: "ನಾಳೆ ಅಂಗಡಿ ನಾನ್ ನೋಡ್ಕೋತೀನಿ, ನೀವು ಹೊರಡಿ."