ಉರಿಯೂತ, ಊಟ ಮತ್ತು ನಮ್ಮ ಸ್ತ್ರೀಯರ ಆರೋಗ್ಯ

ಕಾಲಿಗೆ ಮುಳ್ಳು ಚುಚ್ಚಿದರೆ ಆ ಸ್ಥಳವು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದು ಸ್ವತಃ ರೋಗವಲ್ಲ. ಒಳಹೊಕ್ಕ ಕ್ರಿಮಿಗಳನ್ನು ಎದುರಿಸಲು ದೇಹವು ಹೂಡುವ ಹೋರಾಟ. ವೈದ್ಯಶಾಸ್ತ್ರವು ಇದನ್ನು ಉರಿಯೂತವೆಂದು ಕರೆಯುತ್ತದೆ. ಗಾಯವು ಮಾಗಿದೊಡನೆ ಅದೂ ಶಮನವಾಗುವುದು. ಆದರೆ ಹೊರಗೆ ಯಾವ ಕುರುಹೂ ಕಾಣದಂತೆ, ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಾನುಗಟ್ಟಲೆ ದೇಹದೊಳಗೆ ಉಳಿಯುವ ಇನ್ನೊಂದು ಬಗೆಯ ಉರಿಯೂತವುಂಟು. ಮಧುಮೇಹ, ಹೃದಯರೋಗ, ಕೀಲುನೋವು ಮುಂತಾದವುಗಳೊಡನೆ ಇದಕ್ಕೆ ನಿಕಟ ಸಂಬಂಧವಿದೆ. 1930ನೆಯ ಇಸವಿಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಪತ್ತೆಯಾದ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ದ್ರವ್ಯವನ್ನು ಅಳೆದು, ವೈದ್ಯರು ಈ ಒಳಗಿನ ಕೆಂಡವನ್ನು ಗುರುತಿಸಬಲ್ಲರು.

ಈ ವಿಷಯವನ್ನು ಸ್ತ್ರೀಯರ ಆರೋಗ್ಯದೊಡನೆ ಸೇರಿಸಿ ಹೇಳಲು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಅದೇ ಸಮೀಕ್ಷೆಯಲ್ಲಿ ಶೇಕಡಾ 30ರಷ್ಟು ಸ್ತ್ರೀಯರು ಮಿತಿಮೀರಿದ ತೂಕವುಳ್ಳವರು. ಒಂದು ಕಡೆ ಕೊರತೆ, ಇನ್ನೊಂದು ಕಡೆ ಅತಿ. ಇವೆರಡೂ ಪರಸ್ಪರ ವಿರುದ್ಧವೆಂದು ತೋರಿದರೂ ಹಾಗಲ್ಲ. ಹೊಟ್ಟೆಯ ಸುತ್ತ ಶೇಖರವಾದ ಕೊಬ್ಬು ಉರಿಯೂತವನ್ನು ಪ್ರಚೋದಿಸುವ ದ್ರವ್ಯಗಳನ್ನು ಸ್ರವಿಸುತ್ತದೆ. ಉರಿಯೂತವು ಹೆಚ್ಚಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಅಧಿಕವಾಗಿ ಉತ್ಪಾದಿಸುವುದು. ಇದು ಕರುಳಿನಿಂದ ರಕ್ತಕ್ಕೆ ಕಬ್ಬಿಣವು ಸೇರುವ ಬಾಗಿಲನ್ನೇ ಮುಚ್ಚುತ್ತದೆ. ಆದುದರಿಂದ ಕಬ್ಬಿಣವುಳ್ಳ ಆಹಾರವನ್ನು ಉಂಡರೂ ಅದರ ಫಲವು ಪೂರ್ತಿಯಾಗಿ ದಕ್ಕದಿರಬಹುದು.

ದೂರದ ದೇಶದ ಒಂದು ನಿದರ್ಶನವನ್ನು ಇಲ್ಲಿ ಸ್ಮರಿಸುವುದು ಉಚಿತ. ಅಮೆರಿಕದ ಕಪ್ಪು ವರ್ಣೀಯ ಮಹಿಳೆಯರಲ್ಲಿ ರಕ್ತದೊತ್ತಡ, ಮಧುಮೇಹಗಳು ಅಧಿಕವಾಗಿರುವುದನ್ನು ಗಮನಿಸಿ, ಬಾಸ್ಟನ್ ವಿಶ್ವವಿದ್ಯಾನಿಲಯವು 1995ರಲ್ಲಿ ಸುಮಾರು 59,000 ಮಹಿಳೆಯರನ್ನು ಸೇರಿಸಿಕೊಂಡು ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿತು. ದೈನಂದಿನ ಅವಮಾನ, ಬಡತನ, ಬಿಡುವಿಲ್ಲದ ದುಡಿಮೆ ಇವು ದೇಹವನ್ನು ಅಕಾಲದಲ್ಲಿ ಸವೆಸುತ್ತವೆಂಬ ವಾದವನ್ನು ಆರ್ಲೀನ್ ಜೆರೊನಿಮಸ್ ಎಂಬ ವಿದುಷಿ 1992ರಲ್ಲಿ ಮಂಡಿಸಿದ್ದರು. 1997ರಲ್ಲಿ ಪ್ರಕಟವಾದ ಡ್ಯಾಶ್ ಎಂಬ ಪ್ರಯೋಗದಲ್ಲಿ 459 ಮಂದಿ ಭಾಗವಹಿಸಿದ್ದರು; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ವರ್ಣೀಯರು. ತರಕಾರಿ, ಹಣ್ಣು ಮತ್ತು ಕೊಬ್ಬು ಕಡಿಮೆಯಾದ ಹಾಲಿನ ಪದಾರ್ಥಗಳು ಹೆಚ್ಚಾಗಿದ್ದ ಊಟದಿಂದ ಎಂಟು ವಾರಗಳಲ್ಲಿ ರಕ್ತದೊತ್ತಡ ಇಳಿಯಿತು. ಕಪ್ಪು ವರ್ಣೀಯರಲ್ಲಿ ಈ ಇಳಿಕೆ ಇನ್ನೂ ಹೆಚ್ಚಾಗಿತ್ತು. ಊಟದ ಮಹತ್ವವೂ, ಊಟವೊಂದೇ ಸಾಲದೆಂಬ ಸತ್ಯವೂ ಇವುಗಳಿಂದ ಒಟ್ಟಿಗೆ ವಿದಿತವಾಗುತ್ತವೆ.

ಆ ಮಹಿಳೆಯರ ಪೂರ್ವಿಕರ ಖಂಡಕ್ಕೂ ನಮ್ಮ ಹಾಸನ ಸೀಮೆಯ ಅಡುಗೆಮನೆಗೂ ಒಂದು ಹಳೆಯ ನಂಟಿದೆ. ನಮ್ಮ ರಾಗಿಯ ಮೂಲಸ್ಥಾನ ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರೆಂದೇ ಪ್ರಸಿದ್ಧರಾದ ವಿಜ್ಞಾನಿಗಳು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಸಂಕರಗೊಳಿಸಿ ರೂಪಿಸಿದ ತಳಿಗಳಿಗೆ ‘ಇಂಡಾಫ್’ ಎಂಬ ಹೆಸರು ಬಂದುದು ಈ ಎರಡು ನಾಡುಗಳ ಹೆಸರಿನಿಂದಲೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವೂ, 11 ಗ್ರಾಂ ನಾರೂ ಇವೆ. ನಾರನ್ನು ಕರುಳಿನ ಉಪಕಾರಿ ಜೀವಾಣುಗಳು ಹುದುಗಿಸಿದಾಗ ಹುಟ್ಟುವ ಕೆಲವು ಆಮ್ಲಗಳು ಉರಿಯೂತವನ್ನು ತಗ್ಗಿಸಲು ನೆರವಾಗುತ್ತವೆ. ಇದರೊಡನೆ ಹುರುಳಿ, ಅವರೆ, ಬೆರಕೆಸೊಪ್ಪು, ಹುಚ್ಚೆಳ್ಳಿನ ಚಟ್ನಿಪುಡಿ, ಮಜ್ಜಿಗೆ ಸೇರಿದರೆ ಅದೊಂದು ಸಮತೋಲನದ ಭೋಜನ. ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಮ್ಮ ಬಸ್ಸಾರಿನಲ್ಲಿ, ನೀರಿಗಿಳಿದ ಸತ್ತ್ವವೂ ಉಣ್ಣುವವರಿಗೇ ದಕ್ಕುವುದು.

ಆದರೆ ಕಾಲ ಬದಲಾಗಿದೆ. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಪೂರ್ಣವಾದ ಮೇಲೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅನೇಕ ಹೊಲಗಳಿಗೆ ನಾಲೆಯ ನೀರು ಹರಿಯಿತು. ರೈತನ ಬದುಕು ಹಸನಾದುದು ನಿಜ. ಆದರೂ ಪಾಲಿಷ್ ಮಾಡಿದ ಅಕ್ಕಿಯೂ, ಬೇಕರಿಯ ಮೈದಾ ತಿನಿಸುಗಳೂ, ದಿನಕ್ಕೆ ನಾಲ್ಕಾರು ಬಾರಿಯ ಸಕ್ಕರೆ ಬೆರೆತ ಚಹಾವೂ ಹಬ್ಬಿದಂತೆ, ಮುದ್ದೆಯು ಹಲವು ಮನೆಗಳಲ್ಲಿ ಹಿರಿಯರ ಊಟವಾಗಿ ಮಾತ್ರ ಉಳಿದಿದೆ.

ಹಾಗೆಂದು ರಾಗಿಯನ್ನು ಸರ್ವರೋಗನಿವಾರಕವೆಂದು ಹೊಗಳುವುದು ವಿವೇಕವಲ್ಲ. ಅದರಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟುವುದರಿಂದಲೂ, ಹುಳಿ ಬರಿಸಿ ಅಂಬಲಿ ಮಾಡುವುದರಿಂದಲೂ ಈ ಅಡ್ಡಿ ತಗ್ಗುವುದು. ಊಟದೊಡನೆ ನಿಂಬೆ, ನೆಲ್ಲಿ ಅಥವಾ ಸೀಬೆಹಣ್ಣು ಸೇವಿಸಿದರೆ ಸಸ್ಯಾಹಾರದ ಕಬ್ಬಿಣವು ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಹಿಂದೆಯೇ ಕುಡಿದ ಚಹಾ ಕಾಫಿಗಳು ಇದಕ್ಕೆ ಅಡ್ಡಿಯಾಗುತ್ತವೆ. ಅರಿಸಿನದ ಮಾತೂ ಹೀಗೆಯೇ. ಅದರ ಕುರ್ಕುಮಿನ್ ದೇಹಕ್ಕೆ ಸೇರುವುದು ಅತ್ಯಲ್ಪ. ಮೆಣಸಿನ ಸಾರವು ಜೊತೆಗಿದ್ದರೆ ಹಲವು ಪಟ್ಟು ಹೆಚ್ಚು ಸೇರುವುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಆದರೆ ಸಾರಿಗೆ ಹಾಕುವ ಚಿಟಿಕೆ ಅರಿಸಿನವು ಔಷಧಿಯಲ್ಲ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನಾಗಲಿ, ಮಧುಮೇಹದ ಔಷಧಿಯನ್ನಾಗಲಿ ಆಹಾರದ ನೆಪದಲ್ಲಿ ನಿಲ್ಲಿಸತಕ್ಕದ್ದಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಗೃಹಿಣಿಯು ಎಲ್ಲರಿಗೂ ಬಡಿಸಿ ಕಟ್ಟಕಡೆಗೆ ಉಣ್ಣುತ್ತಾಳೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿ, ಅವಳ ಪಾಲಿಗೆ ಉಳಿಯುವುದು ಅನ್ನ ಮತ್ತು ತಿಳಿಸಾರು. ಹಸಿದವರೆಲ್ಲ ಸಮಾನರೆಂದು ಸಾರುವ ದಾಸೋಹದ ಪಂಕ್ತಿಯಲ್ಲಿ ಕುಳಿತು ಬೆಳೆದ ನಾವು, ಮನೆಯ ಪಂಕ್ತಿಯಲ್ಲಿ ತಾಯಿಗೂ ಸೊಸೆಗೂ ಒಂದು ಎಲೆ ಹಾಕದಿದ್ದರೆ ಆ ಪಾಠವನ್ನು ಅರ್ಧ ಮಾತ್ರ ಕಲಿತಂತಾಗುವುದು.

ಉಪಾಧ್ಯಾಯರು ಈ ವಿಷಯವನ್ನು ವಿಜ್ಞಾನದ ಪಾಠದೊಡನೆ ಮಕ್ಕಳಿಗೆ ತಿಳಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಸ್ತ್ರೀಯರ ರಕ್ತಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಲಿ. ದಾನಿಗಳು ವಿದ್ಯಾರ್ಥಿನಿಯರ ಊಟದಲ್ಲಿ ಸೊಪ್ಪು, ಕಾಳು, ಹಣ್ಣುಗಳಿಗೆ ಕೊರತೆಯಾಗದಂತೆ ನೋಡಿಕೊಳ್ಳಲಿ. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಬಾಲಕಿಯೇ ನಾಳಿನ ತಾಯಿ, ನಾಳಿನ ಶಿಕ್ಷಕಿ. ಅವಳ ರಕ್ತ ಪುಷ್ಟವಾಗಿದ್ದರೆ ಮಾತ್ರ ಅವಳ ವಿದ್ಯೆಯೂ ಫಲಿಸೀತು.