ಬಂದೂಕು ಬಿಚ್ಚಿದಾಗ ಸಿಕ್ಕ ಹೆಸರು

ಹಳೆಯ ಚಕಮಕಿ ಬಂದೂಕಿನ ಪಕ್ಕದ ತಿರುಪುಗಳನ್ನು ಬಿಚ್ಚಿದರೆ ಅದರ ಲಾಕ್ ಇಡಿಯಾಗಿ ಕೈಗೆ ಬರುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಉದ್ದದ ಒಂದು ಕಬ್ಬಿಣದ ಪಟ್ಟಿ, ಅದರ ಒಳಮೈಗೆ ಒತ್ತಿ ಕೂತ ಸ್ಪ್ರಿಂಗು, ಕೊಕ್ಕೆ, ಹಲ್ಲು. ಕುದುರೆ ಎಳೆದಾಗ ಕಲ್ಲನ್ನು ಉಕ್ಕಿಗೆ ಬಡಿದು ಕಿಡಿ ಹಾರಿಸುವುದು ಇದೇ. 1960ರ ದಶಕದಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದ ಎಡ್ವಿನ್ ಬ್ಯಾಟಿಸನ್ ಇಂಥ ಲಾಕ್‌ಗಳ ಒಳಮೈಯನ್ನು ಪರೀಕ್ಷಿಸಿದರು. ಅವು ಎಲಿ ವಿಟ್ನಿಯ ಕಾರ್ಖಾನೆಯಲ್ಲಿ ತಯಾರಾದ ಬಂದೂಕುಗಳವು. ಒಳಗೆ ಕಂಡದ್ದು ಅರದಿಂದ ಉಜ್ಜಿದ ಗೀರುಗಳು ಮತ್ತು ಬಿಡಿಭಾಗಗಳ ಮೇಲೆ ಕುಟ್ಟಿದ ಗುರುತುಗಳು.

ಆ ಗುರುತುಗಳ ಅರ್ಥ ಕಮ್ಮಾರನಿಗೆ ಥಟ್ಟನೆ ಹೊಳೆಯುತ್ತದೆ. ಮೆತ್ತಗಿದ್ದಾಗಲೇ ಭಾಗಗಳನ್ನು ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸಬೇಕು. ಆಮೇಲೆ ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ ಹದ ಕೊಡಬೇಕು. ಕುಲುಮೆಯಿಂದ ಬಂದ ರಾಶಿಯಲ್ಲಿ ಯಾವ ಕೊಕ್ಕೆ ಯಾವ ಲಾಕ್‌ನದು ಎಂದು ತಿಳಿಯಲು ಗುರುತು ಬೇಕು. ಎಲ್ಲ ಕೊಕ್ಕೆಗಳೂ ಒಂದೇ ಅಳತೆಯವಾಗಿದ್ದರೆ ಗುರುತಿನ ಗೊಡವೆಯೇ ಇರುತ್ತಿರಲಿಲ್ಲ.

ಅಷ್ಟರವರೆಗೆ ಅಮೆರಿಕದ ಶಾಲಾಮಕ್ಕಳು ಓದುತ್ತಿದ್ದುದು ಬೇರೆ ಕತೆ. ಅದಲುಬದಲು ಮಾಡಬಹುದಾದ ಬಿಡಿಭಾಗಗಳ ಜನಕ ವಿಟ್ನಿ, ಇಂದಿನ ಸೈಕಲ್ಲು, ಹೊಲಿಗೆ ಯಂತ್ರ, ಕಾರುಗಳೆಲ್ಲ ಅವನಿಗೆ ಋಣಿ ಎಂಬ ಕತೆ. ವಿಟ್ನಿ ನಮಗೂ ತೀರಾ ಅಪರಿಚಿತನಲ್ಲ. ಹತ್ತಿಯಿಂದ ಬೀಜ ಬಿಡಿಸುವ ಜಿನ್‌ಗೆ 1794ರಲ್ಲಿ ಪೇಟೆಂಟ್ ಪಡೆದವನು ಅವನೇ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಹತ್ತಿ ತಳಿ ಬಂದಾಗ ಅದರಿಂದ ಬೆಳೆದ ಗರಗಸದ ಜಿನ್ನೂ ಬಂತು. ‘ಸಾ-ಜಿನ್ಡ್ ಧಾರವಾರ್’ ಎಂಬುದು ಹತ್ತಿ ಪೇಟೆಯಲ್ಲಿ ಒಂದು ದರ್ಜೆಯ ಹೆಸರೇ ಆಯಿತು.

ಜಿನ್ ಹೆಸರು ತಂದರೂ ವಿಟ್ನಿಗೆ ದುಡ್ಡು ತರಲಿಲ್ಲ. ಪೇಟೆಂಟಿನ ವ್ಯಾಜ್ಯಗಳಲ್ಲಿ ಅವನು ಸೋತು ಸುಣ್ಣವಾಗಿದ್ದ. ಅದೇ ಹೊತ್ತಿಗೆ ಫ್ರಾನ್ಸಿನೊಂದಿಗೆ ಯುದ್ಧದ ಭೀತಿ ಎದ್ದು, ಅಮೆರಿಕ ಸರ್ಕಾರಕ್ಕೆ ಬಂದೂಕು ಬೇಕಾಯಿತು. 1798ರ ಜೂನ್‌ನಲ್ಲಿ ವಿಟ್ನಿ 10,000 ಬಂದೂಕು ಮಾಡಿಕೊಡುವ ಗುತ್ತಿಗೆಗೆ ಸಹಿ ಹಾಕಿದ. ಬೆಲೆ ಒಂದಕ್ಕೆ 13.40 ಡಾಲರ್, ಗಡುವು 1800ರ ಸೆಪ್ಟೆಂಬರ್. ಅಲ್ಲಿಯವರೆಗೆ ಅವನು ಒಂದು ಬಂದೂಕನ್ನೂ ಮಾಡಿದವನಲ್ಲ. ಗಡುವು ಮುಗಿದು ಒಂದು ವರ್ಷದ ಮೇಲೆ ಕೊಟ್ಟದ್ದು ಮೊದಲ 500. ಕೊನೆಯ ಕಂತು ಮುಟ್ಟಿದ್ದು 1809ರಲ್ಲಿ.

ಈ ವಿಳಂಬದ ನಡುವೆ, 1801ರ ಜನವರಿಯಲ್ಲಿ, ವಿಟ್ನಿ ವಾಷಿಂಗ್ಟನ್‌ಗೆ ಹೋಗಿ ಲಾಕ್‌ಗಳನ್ನು ಜೋಡಿಸಿ ತೋರಿಸಿದ. ಯಾವ ಲಾಕ್ ಆದರೂ ಬಂದೂಕಿಗೆ ಕೂರುತ್ತದೆ ಎಂಬ ಪ್ರದರ್ಶನ ಅದು. ಆ ವರ್ಷದ ಕೊನೆಗೆ ಅಧ್ಯಕ್ಷ ಥಾಮಸ್ ಜೆಫರ್ಸನ್ ಬರೆದ ಪತ್ರದಲ್ಲಿ ವಿಟ್ನಿಯ ಹೊಗಳಿಕೆಯಿದೆ: ನೂರು ಲಾಕ್‌ಗಳನ್ನು ಬಿಚ್ಚಿ ಕಲಸಿದರೂ ಕೈಗೆ ಸಿಕ್ಕ ಭಾಗಗಳಿಂದಲೇ ಮತ್ತೆ ಜೋಡಿಸಬಹುದು ಎಂದು. ಜೆಫರ್ಸನ್‌ಗೆ ಈ ವಿಚಾರ ಹೊಸದಲ್ಲ. 1785ರಲ್ಲಿ ಫ್ರಾನ್ಸಿನಲ್ಲಿದ್ದಾಗ ಒನೊರೆ ಬ್ಲಾಂ ಎಂಬ ಕುಶಲಕರ್ಮಿಯ ಬಳಿ ಹೋಗಿ, ಐವತ್ತು ಲಾಕ್‌ಗಳ ಬಿಡಿಭಾಗಗಳಿಂದ ಸಿಕ್ಕಿದ್ದನ್ನು ಎತ್ತಿಕೊಂಡು ತಾನೇ ಜೋಡಿಸಿ ನೋಡಿದ್ದ. ನೋಡಬೇಕೆಂದು ಹಂಬಲಿಸಿದ್ದನ್ನೇ ಅವನು ವಿಟ್ನಿಯಲ್ಲಿ ಕಂಡ. ಇಂಥ ಹೊಗಳಿಕೆಯ ಮೇಲೆ ನೂರೈವತ್ತು ವರ್ಷ ವಿಟ್ನಿಯ ಕೀರ್ತಿ ನಿಂತಿತು.

1960ರಲ್ಲಿ ರಾಬರ್ಟ್ ವುಡ್‌ಬರಿ ಎಂಬ ಇತಿಹಾಸಕಾರರು ಪ್ರಬಂಧವೊಂದರಲ್ಲಿ ಆ ಕೀರ್ತಿಯ ಬುಡವನ್ನೇ ಅಲುಗಾಡಿಸಿದರು. ವಿಟ್ನಿಯ ಬಂದೂಕುಗಳ ಭಾಗಗಳು ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ ಎಂದು ಅವರು ತೋರಿಸಿದರು. ಪತ್ರಗಳನ್ನು ಓದಿ ತೃಪ್ತರಾಗದೆ ವಸ್ತುವನ್ನೇ ಸಾಕ್ಷಿಗೆ ಕರೆದದ್ದು ಅವರ ದೊಡ್ಡ ಕೆಲಸ. ಬ್ಯಾಟಿಸನ್ ಅದೇ ಹಾದಿಯಲ್ಲಿ ಮುಂದೆ ನಡೆದರು.

ಹಾಗಾದರೆ ಅಮೆರಿಕದಲ್ಲಿ ಅದನ್ನು ಮೊದಲು ಮಾಡಿದವರು ಯಾರು?

ಕಾನೆಕ್ಟಿಕಟ್‌ನ ಸಿಮಿಯನ್ ನಾರ್ತ್ ಎಂಬವನ ಹೆಸರು ಇಲ್ಲಿ ಮುಖ್ಯ. ವಿಟ್ನಿ ಹುಟ್ಟಿದ 1765ರಲ್ಲೇ ಹುಟ್ಟಿದ ನಾರ್ತ್ 1813ರಲ್ಲಿ 20,000 ಪಿಸ್ತೂಲುಗಳ ಗುತ್ತಿಗೆ ಹಿಡಿದ. ಯಾವ ಪಿಸ್ತೂಲಿನ ಭಾಗವಾದರೂ ಉಳಿದ ಯಾವುದಕ್ಕಾದರೂ ಹೊಂದಬೇಕು ಎಂಬ ಷರತ್ತು ಆ ಕರಾರಿನಲ್ಲೇ ಇತ್ತು.

ಇನ್ನೊಬ್ಬ ಜಾನ್ ಹಾಲ್. ಮೇನ್ ಪ್ರಾಂತದ ಪೋರ್ಟ್‌ಲ್ಯಾಂಡ್‌ನಲ್ಲಿ 1781ರಲ್ಲಿ ಹುಟ್ಟಿದ ಹಾಲ್ ಮರಗೆಲಸದವನು. ಪೀಪಾಯಿ, ದೋಣಿ ಮಾಡಿ ಬದುಕುತ್ತಿದ್ದವನು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬದಲು ಹಿಂಬದಿಯಿಂದ ತುಂಬುವ ಬಂದೂಕೊಂದನ್ನು ಅವನು ರೂಪಿಸಿದ. ಪೇಟೆಂಟ್ ಕೇಳಲು ಹೋದರೆ, ಆ ಕಚೇರಿಯ ಮುಖ್ಯಸ್ಥ ವಿಲಿಯಂ ಥಾರ್ನ್‌ಟನ್ ಈ ಉಪಾಯ ತನಗೆ ಮೊದಲೇ ಹೊಳೆದಿತ್ತೆಂದು ಹಕ್ಕು ಹೂಡಿದ. 1811ರ ಪೇಟೆಂಟ್ ಬಂದದ್ದು ಇಬ್ಬರ ಹೆಸರಿನಲ್ಲಿ. ಒಬ್ಬ ಕಸುಬುದಾರನ ಬೆವರಿನಲ್ಲಿ ಅಧಿಕಾರಿ ಪಾಲು ಕಿತ್ತುಕೊಂಡದ್ದು ಎಂದೇ ಇದನ್ನು ಹೇಳಬೇಕು.

1819ರಲ್ಲಿ ಸರ್ಕಾರ ಹಾಲ್‌ನನ್ನು ಆಗ ವರ್ಜೀನಿಯಾದಲ್ಲಿದ್ದ ಹಾರ್ಪರ್ಸ್ ಫೆರಿಗೆ ಕರೆಸಿಕೊಂಡಿತು. ಪೊಟೋಮ್ಯಾಕ್ ಮತ್ತು ಶೆನಾಂಡೋವಾ ಹೊಳೆಗಳು ಕೂಡುವ ಊರು ಅದು. ಸರ್ಕಾರಿ ಬಂದೂಕು ಕಾರ್ಖಾನೆ ಅಲ್ಲಿತ್ತು. ತಿಂಗಳಿಗೆ 60 ಡಾಲರ್ ಸಂಬಳ, ಪ್ರತಿ ಬಂದೂಕಿಗೆ ಒಂದು ಡಾಲರ್, ಮೊದಲ ಕರಾರು 1,000 ಬಂದೂಕಿಗೆ. ಶೆನಾಂಡೋವಾದ ದಂಡೆಯಲ್ಲಿ ನೀರಿನ ಬಲದಿಂದ ತಿರುಗುವ ಯಂತ್ರಗಳನ್ನು ಹಾಲ್ ಕಟ್ಟತೊಡಗಿದ. ಕಾರ್ಖಾನೆಯ ಮೇಲಧಿಕಾರಿ ಜೇಮ್ಸ್ ಸ್ಟಬಲ್‌ಫೀಲ್ಡ್‌ಗೆ ಈ ಹೊರಗಿನವನನ್ನು ಕಂಡರೆ ಆಗುತ್ತಿರಲಿಲ್ಲ. ಯಂತ್ರ ಕಟ್ಟುವುದರಲ್ಲೇ ವರ್ಷಗಳು ಕಳೆದವು.

ಹಾಲ್‌ನ ಜಾಣ್ಮೆ ಇದ್ದದ್ದು ಅಳತೆಯಲ್ಲಿ. ಒಂದು ತುಂಡಿನ ಮೊದಲ ತೂತಿನಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಅಳೆಯುತ್ತ ಹೋದರೆ ಕೂದಲೆಳೆಯ ತಪ್ಪುಗಳು ಕೂಡುತ್ತ ಕೊನೆಗೆ ಭಾಗ ಕೂರುವುದೇ ಇಲ್ಲ. ಹಾಗಾಗಿ ಪ್ರತಿಯೊಂದು ಅಳತೆಯನ್ನೂ ಒಂದೇ ಗೊತ್ತಾದ ಬಿಂದುವಿನಿಂದ ತೆಗೆಯುವ ಕ್ರಮವನ್ನು ಅವನು ಹಾಕಿದ. ಬಂದೂಕಿನ ಭಾಗಗಳನ್ನು ಪರೀಕ್ಷಿಸಲು 63 ಗೇಜುಗಳಿದ್ದವು. ಕೆಲಸಗಾರನ ಕಣ್ಣಂದಾಜಿನ ಜಾಗಕ್ಕೆ ಗೇಜು ಬಂತು. ಇಂದು ಬೆಂಗಳೂರಿನ ಪೀಣ್ಯದ ಯಾವುದೇ ವರ್ಕ್‌ಶಾಪಿನಲ್ಲಿ ಜಿಗ್, ಫಿಕ್ಸ್ಚರ್ ಹಿಡಿದು ದುಡಿಯುವವರಿಗೆ ಈ ಮಾತು ವಿವರಿಸಬೇಕಿಲ್ಲ.

ಖರ್ಚು ಹೆಚ್ಚೆಂಬ ದೂರು ವಾಷಿಂಗ್ಟನ್ ತಲುಪಿ, 1826ರ ಕೊನೆಗೆ ಮೂವರು ಪರಿಣತರ ಸಮಿತಿ ಬಂತು. ಅವರಲ್ಲಿ ಜೇಮ್ಸ್ ಕ್ಯಾರಿಂಗ್ಟನ್ ಹಿಂದೆ ವಿಟ್ನಿಯ ಕಾರ್ಖಾನೆಯಲ್ಲೇ ದುಡಿದಿದ್ದವನು. 1824ರಲ್ಲಿ ತಯಾರಾಗಿ ಉಗ್ರಾಣ ಸೇರಿದ್ದ ನೂರು ಬಂದೂಕುಗಳನ್ನು ತರಿಸಿ ಪೂರ್ತಿ ಬಿಚ್ಚಿಸಿದರು, ಭಾಗಗಳನ್ನೆಲ್ಲ ಕಲಸಿದರು, ಕೈಗೆ ಸಿಕ್ಕಿದ್ದನ್ನು ಎತ್ತಿ ನೂರು ಹೊಸ ಮರದ ಹಿಡಿಗಳಿಗೆ ಜೋಡಿಸಿದರು. ಎಲ್ಲವೂ ಕೂತವು. ಇಂಥದ್ದನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಸಮಿತಿ ವರದಿ ಬರೆಯಿತು. ಮುಂದೆ ನಾರ್ತ್ ಕೂಡ ಇದೇ ಬಂದೂಕಿನ ಗುತ್ತಿಗೆ ಪಡೆದ. 1834ರ ಹೊತ್ತಿಗೆ ಮಿಡಲ್‌ಟೌನ್‌ನ ಅವನ ಕಾರ್ಖಾನೆಯ ಭಾಗ ನೂರಾರು ಮೈಲಿ ದೂರದ ಹಾರ್ಪರ್ಸ್ ಫೆರಿಯ ಬಂದೂಕಿಗೆ ಹೊಂದುತ್ತಿತ್ತು. ಎರಡು ಊರಿನ ಎರಡು ಕಾರ್ಖಾನೆಗಳ ನಡುವಿನ ಈ ಹೊಂದಾಣಿಕೆಯೇ ನಿಜವಾದ ಗೆಲುವು.

ಹಾಲ್ 1840ರಲ್ಲಿ ಆರೋಗ್ಯ ಕೆಟ್ಟು ಕೆಲಸ ಬಿಟ್ಟ. ಮರುವರ್ಷ ಮಿಸೌರಿಯಲ್ಲಿ ತೀರಿಕೊಂಡ. ಅವನ ಹೆಸರು ಹೊತ್ತ ಕಾರ್ಖಾನೆ ಇನ್ನೊಮ್ಮೆ ಇತಿಹಾಸಕ್ಕೆ ಬಂದದ್ದು 1859ರಲ್ಲಿ. ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಗೆ ದಂಡೆತ್ತಿ ಬಂದಾಗ ಅವನ ಬಂಟ ಜಾನ್ ಕಾಗಿ ಹಿಡಿದದ್ದು ಹಾಲ್‌ನ ಕಾರ್ಖಾನೆಯನ್ನು. ಹೊಳೆ ದಾಟಿ ತಪ್ಪಿಸಿಕೊಳ್ಳುವಾಗ ಆ ಬಂಟ ಗುಂಡೇಟಿಗೆ ಅಲ್ಲೇ ಸತ್ತ. ವಿಟ್ನಿಯ ಜಿನ್ ಅಮೆರಿಕದ ದಕ್ಷಿಣದ ಹತ್ತಿ ತೋಟಗಳನ್ನು ಹಿಗ್ಗಿಸಿ ಬಲಪಡಿಸಿದ್ದು ಅದೇ ಗುಲಾಮಗಿರಿಯನ್ನು.

ಆಮೇಲೆ ಅಂತರ್ಯುದ್ಧ, ಅದರ ಮೇಲೆ ಹೊಳೆಯ ನೆರೆ. ಇವತ್ತು ಅಲ್ಲಿ ಉಳಿದಿರುವುದು ಅಡಿಪಾಯದ ಕಲ್ಲು, ಕಾಲುವೆಯ ಗುರುತು. ಹಾಲ್‌ನ ಕತೆಯನ್ನು ಕಡತಗಳಿಂದ ಹೆಕ್ಕಿ ನಿಲ್ಲಿಸಿದವರು ಇತಿಹಾಸಕಾರ ಮೆರಿಟ್ ರೋ ಸ್ಮಿತ್. ಹಾರ್ಪರ್ಸ್ ಫೆರಿ ಕಾರ್ಖಾನೆಯ ಬಗೆಗಿನ ಅವರ ಪುಸ್ತಕ 1977ರಲ್ಲಿ ಬಂತು. ಆದರೂ ಬಿಡಿಭಾಗಗಳ ಜನಕ ವಿಟ್ನಿ ಎಂಬ ಸಾಲು ಇನ್ನೂ ಅಳಿದಿಲ್ಲ. ಪಾಠ ಹೇಳುವವರು, ಪಠ್ಯ ಬರೆಯುವವರು ದಯವಿಟ್ಟು ಆ ಜಾಗದಲ್ಲಿ ಸಿಮಿಯನ್ ನಾರ್ತ್ ಮತ್ತು ಜಾನ್ ಹಾಲ್ ಎಂದು ತಿದ್ದಿಕೊಳ್ಳಬೇಕು.