ಜಾಲಪುಟದ ಅನ್ಯ ಘಟಕಗಳು: ಕನ್ನಡ ಪಠ್ಯಸಂಪಾದನೆಯ ದೃಷ್ಟಿಯಿಂದ

ಹಸ್ತಪ್ರತಿಗಳ ಪಾಠಾಂತರಗಳನ್ನಾಗಲಿ ನಿಘಂಟಿನ ನಮೂದುಗಳನ್ನಾಗಲಿ ಜಾಲಪುಟದ ಮೂಲಕ ಗಣಕಕ್ಕೆ ಸೇರಿಸುವಾಗ, ತೆರೆಯ ಮೇಲೆ ಕಾಣುವ ಪಾಠವೂ ದಾಖಲಾಗುವ ಪಾಠವೂ ಒಂದೇ ಎಂಬ ನಂಬಿಕೆ ಸಂಪಾದಕರಲ್ಲಿರುತ್ತದೆ. ಈ ನಂಬಿಕೆ ಹುಸಿಯಾಗುವ ಒಂದು ಸಂದರ್ಭವನ್ನು ಇಲ್ಲಿ ಪರಿಶೀಲಿಸಲಾಗಿದೆ.

2012ರಲ್ಲಿ ಇವಾನ್ ಚಾಪ್ಲಿಕಿ ರೂಪಿಸಿದ ಎಲ್ಮ್ ಭಾಷೆ ಹಾಗೂ 2013ರಲ್ಲಿ ಫೇಸ್‌ಬುಕ್ ಸಂಸ್ಥೆ ಮುಕ್ತವಾಗಿ ಬಿಡುಗಡೆ ಮಾಡಿದ ರಿಯಾಕ್ಟ್‌ಗಳಿಂದ ಜಾಲಪುಟ ರಚನೆಯಲ್ಲಿ ಫಂಕ್ಷನಲ್ ಪದ್ಧತಿ ಪ್ರಚಾರಕ್ಕೆ ಬಂದಿತು. ಪುಟದ ಮಾಹಿತಿಯೆಲ್ಲವೂ 'ಸ್ಥಿತಿ'ಯಲ್ಲಿರಬೇಕು, ತೆರೆ ಅದರ ಪ್ರತಿಬಿಂಬವಾಗಿರಬೇಕು ಎಂಬುದು ಇದರ ತತ್ತ್ವ. ಬಳಕೆದಾರರು ಮಾಡಿದ ಬದಲಾವಣೆಯ ಸುದ್ದಿ ಸ್ಥಿತಿಗೆ ತಲುಪಿ, ಹೊಸ ಸ್ಥಿತಿಗೆ ಅನುಗುಣವಾಗಿ ತೆರೆ ಮರುರೂಪ ಪಡೆಯುತ್ತದೆ. ಮೂಲಪ್ರತಿ ಒಂದೇ, ಉಳಿದುವು ಅದರ ನಕಲುಗಳು ಎಂದರೆ ಗ್ರಂಥಸಂಪಾದಕರಿಗೆ ವಿಷಯ ಸ್ಪಷ್ಟವಾದೀತು.

ದಿನದರ್ಶಿ, ಪಠ್ಯಸಂಪಾದಕ, ಲಿಪ್ಯಂತರ ಕೀಲಿಮಣೆ ಮುಂತಾದ ಹೊರಗಿನವರ ಸಿದ್ಧ ಘಟಕಗಳು ಹಲವೊಮ್ಮೆ ಈ ಶಿಸ್ತನ್ನು ಅರಿಯವು. ಅವುಗಳಿಗೆ ತಮ್ಮದೇ ನೆನಪುಂಟು; ತೆರೆಯನ್ನು ಅವು ನೇರವಾಗಿ ತಿದ್ದುತ್ತವೆ. ಆಗ ಮೂಲಪ್ರತಿಗಳು ಎರಡಾಗುತ್ತವೆ.

ಕನ್ನಡಕ್ಕೆ ಇದು ಹೆಚ್ಚು ಬಾಧಕ. ಕಣ್ಣಿಗೆ ಒಂದೇ ಅಕ್ಷರವಾದ 'ಸ್ತ್ರೀ' ಯೂನಿಕೋಡ್‌ನ ಸಾಮಾನ್ಯ ರೂಪದಲ್ಲಿ 6 ಸಂಕೇತಗಳ ಸರಣಿ: ಮೂರು ವ್ಯಂಜನ, ಎರಡು ವಿರಾಮ, ಒಂದು ದೀರ್ಘಚಿಹ್ನೆ. ಲಿಪ್ಯಂತರ ಘಟಕವು ಕೊನೆಯ ಚಿಹ್ನೆಯನ್ನು ತೆರೆಗೆ ಸೇರಿಸಿ ಆ ಸುದ್ದಿಯನ್ನು ಸ್ಥಿತಿಗೆ ಮುಟ್ಟಿಸದಿದ್ದರೆ ತೆರೆಯಲ್ಲಿ 'ಸ್ತ್ರೀ' ಇದ್ದು ದಾಖಲೆಗೆ 'ಸ್ತ್ರ' ಸೇರುತ್ತದೆ. ನಡುವೆ ಪುಟ ಮರುರೂಪ ಪಡೆದರೆ ಹಳೆಯ ಸ್ಥಿತಿಯೇ ತೆರೆಗೂ ಮರಳುತ್ತದೆ. ಇದಾದರೂ ಕಣ್ಣಿಗೆ ಬೀಳುವ ದೋಷ. ಮೊದಲನೆಯದು ಲಿಪಿಕಾರನ ಸ್ಖಾಲಿತ್ಯದ ವೇಷದಲ್ಲಿ ಮುಂದಿನ ಸಂಶೋಧಕರ ಕೈ ಸೇರುತ್ತದೆ.

ಪರಿಹಾರದ ಮಾರ್ಗಗಳು ಮುಖ್ಯವಾಗಿ ಎರಡು. ರಿಯಾಕ್ಟ್‌ನಲ್ಲಿ ಖಾಲಿ ಆವರಣವೊಂದನ್ನು ಘಟಕಕ್ಕೆ ಬಿಟ್ಟುಕೊಟ್ಟು, ಅದರ ಒಳಗನ್ನು ಚೌಕಟ್ಟು ಮುಟ್ಟದಂತೆ ನೋಡಿಕೊಳ್ಳಬಹುದು. 2019ರಲ್ಲಿ ಬಂದ ಯೂಸ್‌ಎಫೆಕ್ಟ್ ಸೌಲಭ್ಯದ ಮೂಲಕ ಘಟಕವನ್ನು ಸ್ಥಾಪಿಸುವುದೂ ಪುಟದಿಂದ ತೆಗೆಯುವಾಗ ವಿಸರ್ಜಿಸುವುದೂ ಸಾಧ್ಯ. ವಿಸರ್ಜನೆಯನ್ನು ಮರೆಯುವವರೇ ಹೆಚ್ಚು. ಎಲ್ಮ್ ಇನ್ನೂ ಕಟ್ಟುನಿಟ್ಟು: 2018ರ 0.19ನೆಯ ಆವೃತ್ತಿಯಿಂದ ಜಾವಾಸ್ಕ್ರಿಪ್ಟ್ ಘಟಕಗಳು ಪೋರ್ಟ್ ಅಥವಾ ಕಸ್ಟಮ್ ಎಲಿಮೆಂಟ್ ಎಂಬ ದ್ವಾರಗಳಿಂದಲೇ ಒಳಬರಬೇಕು. ಅರಿಸಮಾಸದಲ್ಲೂ ರೂಢಿಯ ಪ್ರಯೋಗಗಳನ್ನು ಒಪ್ಪಿದ ಕೇಶಿರಾಜನ ಧೋರಣೆ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ.

ಇವುಗಳಲ್ಲಿ ಕಸ್ಟಮ್ ಎಲಿಮೆಂಟ್ ಮಾರ್ಗವೇ ಪಠ್ಯಸಂಪಾದನೆಗೆ ಲೇಸು. ಪಾಠವು ಗುಣವಾಗಿ ಒಳಹೋಗುತ್ತದೆ, ಪ್ರತಿ ತಿದ್ದುಪಡಿಯೂ ಘಟನೆಯಾಗಿ ಹೊರಬರುತ್ತದೆ. ಒಮ್ಮೆ ರಚಿಸಿದ ಘಟಕ ಎರಡೂ ಕಡೆ ಸಲ್ಲುತ್ತದೆ. ಡಿಸೆಂಬರ್ 2024ರ 19ನೆಯ ಆವೃತ್ತಿಯಲ್ಲಿ ರಿಯಾಕ್ಟ್ ಇದಕ್ಕೆ ಪೂರ್ಣ ಬೆಂಬಲ ನೀಡಿದೆ. ಯಾವ ಮಾರ್ಗ ಹಿಡಿದರೂ ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳಿರುವ ಪದಗಳನ್ನು ಆ ಘಟಕದಲ್ಲಿಯೇ ಬರೆದು, ಉಳಿಸಿ, ಪುಟವನ್ನು ಮತ್ತೆ ತೆರೆದು, ದಾಖಲಾದ ಸಂಕೇತಗಳನ್ನು ಒಂದೊಂದಾಗಿ ಹೋಲಿಸಿದ ಬಳಿಕವೇ ಹಸ್ತಪ್ರತಿಯ ಮೊದಲ ಪದ್ಯವನ್ನು ಊಡಿಸುವುದು ಉಚಿತ.